ನೋಡದೆ ಪೈಲ್ಸ್ ಅನ್ನಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ನಾನು ದಿನಾ ಮಾಡುವ ಕೆಲಸ ಕೊಲೊನೋಸ್ಕೋಪಿ. ಬೆರಳು ದಪ್ಪದ ಕೊಳವೆ, ತುದಿಯಲ್ಲಿ ಕ್ಯಾಮೆರಾ, ದೊಡ್ಡ ಕರುಳಿನೊಳಗೆ ಸುಮಾರು 5 ಅಡಿ ದಾರಿ. ಇವತ್ತು ಒಂದೇ ಮಾತು ಹೇಳುತ್ತೇನೆ. ಮಲದಲ್ಲಿ ರಕ್ತ ಕಂಡರೆ, ಒಳಗೆ ನೋಡದೆ ಪೈಲ್ಸ್ ಅನ್ನಬೇಡಿ.

ಒಬ್ಬರು ಯಕ್ಷಗಾನ ಕಲಾವಿದರು ಬಂದಿದ್ದರು. ವಯಸ್ಸು 50 ದಾಟಿತ್ತು. ದೀಪಾವಳಿ ಹೊತ್ತಿಗೇ ರಕ್ತ ಶುರುವಾಗಿತ್ತಂತೆ. ಆಗಷ್ಟೇ ಮೇಳ ಹೊರಡುವ ಸಮಯ. ರಾತ್ರಿ ಆಟ, ಹಗಲು ಅರೆನಿದ್ದೆ, ಖಾರದ ಊಟ. ಉಷ್ಣ ಆಗಿರಬೇಕು ಅಂದುಕೊಂಡರು. ಪುನರ್ಪುಳಿ ಕುಡಿದರು, ಎಳನೀರು ಕುಡಿದರು, ರಾಗಿ ಮಣ್ಣಿ ತಿಂದರು. ಮೆಡಿಕಲ್‌ನಲ್ಲಿ ಕೇಳಿ ಮುಲಾಮು ತಂದರು. ನಡುವೆ ಹದಿನೈದು ದಿನ ರಕ್ತ ನಿಂತಿತು. ಗುಣವಾಯಿತು ಅಂತ ಸುಮ್ನೆ ಕೂತರು. ಕರುಳಿನಲ್ಲಿ ಗಂಟಿದ್ದರೂ ರಕ್ತ ದಿನಾ ಬರಬೇಕೆಂದೇನಿಲ್ಲ. ಮತ್ತೆ ಬಂತು. "ಪತ್ತನಾಜೆ ಕಳೆಯಲಿ, ಗೆಜ್ಜೆ ಬಿಚ್ಚಿದ ಮೇಲೆ ನೋಡುವ" ಅಂದರು. ಪತ್ತನಾಜೆ ಅಂದರೆ ಮೇಳದ ತಿರುಗಾಟ ಮುಗಿಯುವ ದಿನ. ಅಲ್ಲಿಗೆ ಏಳು ತಿಂಗಳು! ರಂಗದಲ್ಲಿ ದಿಗಿಣ ಹೊಡೆದು, ಅಂದರೆ ಗಿರಕಿ ಹಾರಿ, ಬಣ್ಣದ ಮನೆಯಾದ ಚೌಕಿಗೆ ಬಂದರೆ ಏದುಸಿರು. ಬಣ್ಣ ಹಚ್ಚುವ ಮುಂಚೆ ಮುಖ ನೋಡಿದ ಪಕ್ಕದ ಕಲಾವಿದರೇ, ಇಷ್ಟು ಬಿಳುಚಿದ್ದೀರಲ್ಲ ಅಂತ ಹೆದರಿಸಿ ಕಳಿಸಿದ್ದು. ಹಿಮೋಗ್ಲೋಬಿನ್ 8, ಅಂದರೆ ಮೈಯಲ್ಲಿ ರಕ್ತ ತೀರಾ ಕಡಿಮೆ.

ಕ್ಯಾಮೆರಾ ಒಳಗೆ ಹೋದ ಕೂಡಲೇ ಪೈಲ್ಸ್ ಕಂಡಿತು. ಹೌದು, ಪೈಲ್ಸ್ ಇತ್ತು! ಅಲ್ಲಿಗೇ ನಿಲ್ಲಿಸಿದ್ದರೆ ಅವರ ಮಾತೇ ಸರಿ ಅಂತಾಗುತ್ತಿತ್ತು. ಒಂದಡಿ ಮೇಲೆ ಹೋದರೆ ತೊಟ್ಟಿನ ಮೇಲೆ ನಿಂತ ಅಣಬೆಯ ಹಾಗೆ ಒಂದು ಗಂಟು, ನೆಲ್ಲಿಕಾಯಿ ಗಾತ್ರ. ಇದಕ್ಕೆ ಪಾಲಿಪ್ ಅನ್ನುತ್ತೇವೆ. ತಂತಿಯ ಕುಣಿಕೆ ಹಾಕಿ, ಕರೆಂಟ್ ಕೊಟ್ಟು, ಬುಡದಲ್ಲೇ ಕತ್ತರಿಸಿದೆವು. ಲ್ಯಾಬ್ ವರದಿ ಬಂತು. ಅಣಬೆಯ ತಲೆಯಲ್ಲಿ ಕ್ಯಾನ್ಸರ್ ಶುರುವಾಗಿತ್ತು, ತೊಟ್ಟಿಗೆ ಇಳಿದಿರಲಿಲ್ಲ. ಹೊಟ್ಟೆ ಕೊಯ್ಯುವ ಪ್ರಮೇಯ ಬರಲಿಲ್ಲ. ಮುಂದಿನ ತಿರುಗಾಟಕ್ಕೆ ಅವರು ಗೆಜ್ಜೆ ಕಟ್ಟಿದರು.

ಎಲ್ಲಾ ಪಾಲಿಪ್ ಕ್ಯಾನ್ಸರ್ ಆಗುವುದಿಲ್ಲ. ಆಗುವುದಕ್ಕೂ ಸಾಮಾನ್ಯವಾಗಿ 10 ವರ್ಷ ಬೇಕು. ಅಷ್ಟು ಪುರುಸೊತ್ತು ಸಿಕ್ಕಿಯೂ ನಾವು ಮುಲಾಮು ಹಚ್ಚಿ ಕಾಲ ಕಳೆದರೆ ಹೇಗೆ? ದೊಡ್ಡ ಕರುಳಿನ ಎಡಭಾಗದಲ್ಲಿ, ಗುದನಾಳದಲ್ಲಿ ಗಂಟು ಬೆಳೆದರೆ ರಕ್ತ ಕಾಣುತ್ತದೆ, ಮಲ ಸಪೂರ ಆಗುತ್ತದೆ. ಬಲಭಾಗದಲ್ಲಾದರೆ ಕಣ್ಣಿಗೆ ಏನೂ ಕಾಣದಿರಬಹುದು. ಬರೀ ಸುಸ್ತು, ಮೈಯಲ್ಲಿ ರಕ್ತ ಕಡಿಮೆ. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವಲ್ಲಿ ಹುಣ್ಣು ಕಂಡರೆ ಟಿಬಿಯೂ ಇರಬಹುದು. ಗುದನಾಳದಿಂದ ಮೇಲಕ್ಕೆ ಬಿಡುವಿಲ್ಲದೆ ಹಬ್ಬಿದ ಹುಣ್ಣು ಹೆಚ್ಚಾಗಿ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ದೀರ್ಘಕಾಲದ ಉರಿಯೂತ. ಒಂದೊಂದಕ್ಕೂ ಔಷಧಿ ಬೇರೆ. ಅದಕ್ಕೇ ಮತ್ತೆ ಹೇಳುತ್ತೇನೆ, ನೋಡದೆ ಪೈಲ್ಸ್ ಅನ್ನಬೇಡಿ.

ಸಮಯ ಮುಗಿಯುತ್ತಾ ಬಂತು, ಈ ಪರೀಕ್ಷೆಯ ತಯಾರಿ ಬಗ್ಗೆ ಬೇಗ ಹೇಳುತ್ತೇನೆ. ಹಿಂದಿನ ದಿನ ಬಸಳೆ, ಪೇರಳೆ, ಕುಚ್ಚಲಕ್ಕಿ ಬೇಡ. ತಿಳಿ ಎಳನೀರು ಆಗಬಹುದು. ಕರುಳು ತೊಳೆಯುವ ಔಷಧಿ ಪೂರ್ತಿ ಕುಡಿಯಬೇಕು. ಅರ್ಧ ಕುಡಿದು ಬಂದರೆ ನಮಗೆ ಏನೂ ಕಾಣುವುದಿಲ್ಲ. ಕುಡಿಯುವುದು ಕಷ್ಟವೇ, ಒಪ್ಪುತ್ತೇನೆ. ಪರೀಕ್ಷೆಗೆ ಮಂಪರು ಬರಿಸುತ್ತೇವೆ, ಹೆದರಬೇಡಿ. ನಾಚಿಕೆಯೂ ಬೇಡ.

ತಂದೆ, ತಾಯಿ, ಒಡಹುಟ್ಟಿದವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಬಂದಿದ್ದರೆ ರಕ್ತಕ್ಕಾಗಿ ಕಾಯಬೇಡಿ. 40ರ ಹೊತ್ತಿಗೇ ನೋಡಿಸಿ. ಆ ಕಲಾವಿದರ ತಮ್ಮ ಬಂದರು, ವಯಸ್ಸು 44. ಒಂದು ತೊಟ್ಟು ರಕ್ತ ಕಂಡವರಲ್ಲ. ಎರಡು ಸಣ್ಣ ಪಾಲಿಪ್ ಸಿಕ್ಕಿತು, ಅಲ್ಲೇ ತೆಗೆದೆವು. ಸಂಜೆ ಮನೆಗೆ ಹೋಗಿ ಗಂಜಿ ಊಟ ಮಾಡಿದರು. ನಮಸ್ಕಾರ.