ನಾವೂ ಮೈನಾರಿಟಿಯೇ

ನಮಸ್ಕಾರ. ನಮ್ಮ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಯಾರನ್ನಾದರೂ ‘ನೀವು ಮೈನಾರಿಟಿಯಾ?’ ಅಂತ ಕೇಳಿ ನೋಡಿ. ಮುಸ್ಲಿಮರು, ಕ್ರೈಸ್ತರು ಹೌದು ಅನ್ನುತ್ತಾರೆ. ಕನ್ನಡ ಮೀಡಿಯಂನಲ್ಲಿ ಕಲಿತ ಹಿಂದೂ ಒಬ್ಬರು ‘ಇಲ್ಲಪ್ಪ, ನಾವಲ್ಲ’ ಅನ್ನುತ್ತಾರೆ. ಈ ಉತ್ತರ ಕೇಳಿದಾಗ ನನಗೆ ತುಂಬ ಬೇಸರವಾಗುತ್ತದೆ. ಕೇರಳದಲ್ಲಿರುವ ಕನ್ನಡದವರು ನಾವು, ಭಾಷೆಯಿಂದ ನಾವೂ ಮೈನಾರಿಟಿಯೇ.

ಇಂಗ್ಲಿಷಿನಲ್ಲಿ ಈ ಪದಕ್ಕೆ ಅರ್ಥಗಳು ಹಲವು. ಹದಿನೆಂಟು ತುಂಬದವರನ್ನು ಮೈನರ್ ಅನ್ನುತ್ತೇವಲ್ಲ, ಆ ವಯಸ್ಸಿಗೂ ಮೈನಾರಿಟಿ ಅಂತಲೇ ಹೆಸರು. 1991ರಲ್ಲಿ ನರಸಿಂಹ ರಾವ್ ಅವರದ್ದು ಮೈನಾರಿಟಿ ಸರಕಾರ. ಅದಿರಲಿ. ನಮಗೆ ಬೇಕಾದ್ದು ಸಂವಿಧಾನದ ಅರ್ಥ.

30ನೇ ವಿಧಿ ತೆಗೆದು ನೋಡಿ. ಧರ್ಮದಿಂದಾಗಲಿ ಭಾಷೆಯಿಂದಾಗಲಿ ಅಲ್ಪಸಂಖ್ಯಾತರಾದ ಎಲ್ಲರಿಗೂ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕಿದೆ ಅಂತ ಅಲ್ಲಿದೆ. ಎರಡೂ ಅಕ್ಕಪಕ್ಕ. ಮತ್ತೆ ಭಾಷೆ ಎಲ್ಲಿ ಬಿದ್ದುಹೋಯಿತು? 1992ರಲ್ಲಿ ಅಲ್ಪಸಂಖ್ಯಾತರ ಆಯೋಗದ ಕಾನೂನು ಬಂತು. ಅದರಡಿ ಪಟ್ಟಿಯಾದದ್ದು ಧರ್ಮಗಳು ಮಾತ್ರ. ಸ್ಕಾಲರ್‌ಶಿಪ್ ಫಾರಂಗಳಲ್ಲಿ ಆ ಪಟ್ಟಿಯೇ ಕಣ್ಣಿಗೆ ಬಿತ್ತು. ಜನರ ಬಾಯಲ್ಲಿ ಪದದ ಅರ್ಧ ಅರ್ಥವೇ ಉಳಿಯಿತು.

2002ರಲ್ಲಿ ಸುಪ್ರೀಂ ಕೋರ್ಟಿನ 11 ಜಡ್ಜುಗಳ ಪೀಠ, ನಮ್ಮ ಪಕ್ಕದ ಮಣಿಪಾಲದ ಟಿ.ಎಂ.ಎ. ಪೈ ಫೌಂಡೇಶನ್ ಕೇಸಿನಲ್ಲಿ, ಯಾರು ಅಲ್ಪಸಂಖ್ಯಾತರು ಅನ್ನುವ ಲೆಕ್ಕ ರಾಜ್ಯವಾರು ಅಂತ ಹೇಳಿತು. ಬೆಂಗಳೂರಿನ ಮಲಯಾಳಿ ಅಲ್ಲಿ ಮೈನಾರಿಟಿ. ಇಲ್ಲಿ ನಾವು. ನಿಮ್ಮ ಬೈಲಿನ ಮನೆಮನೆಯಲ್ಲೂ ಕನ್ನಡವೇ ಇದ್ದರೂ ಕಾನೂನಿನ ಕಣ್ಣಲ್ಲಿ ನೀವು ಮೈನಾರಿಟಿಯೇ. ಕನ್ನಡ ಮೀಡಿಯಂನಲ್ಲಿ ಓದಿದ ಬ್ಯಾರಿ ಮುಸ್ಲಿಂ ಹುಡುಗನನ್ನೂ ಈ ಲೆಕ್ಕದಿಂದ ಹೊರಗಿಡಬೇಡಿ. ಅವನೂ ನಮ್ಮವನೇ.

ಈಗ ನನ್ನನ್ನು ಜಾಸ್ತಿ ಕಾಡುವ ವಿಷಯ. ನಮ್ಮಲ್ಲಿ ಮನೆಯೊಳಗೆ ತುಳು, ಕೊಂಕಣಿ, ಮರಾಠಿ. ಓದು ಬರಹ, ಯಕ್ಷಗಾನದ ಅರ್ಥಗಾರಿಕೆ, ಮದುವೆ ಕಾಗದ ಎಲ್ಲ ಕನ್ನಡದಲ್ಲಿ. ಜನಗಣತಿಯವರು ಮಾತೃಭಾಷೆ ಅಂತ ಬರೆದುಕೊಳ್ಳುವುದು ಚಿಕ್ಕಂದಿನಲ್ಲಿ ತಾಯಿ ಆಡಿದ ಮಾತನ್ನು. ತುಳುವರು ತುಳು ಅಂತಲೇ ಬರೆಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಅಂಕಿಯನ್ನೇ ತೋರಿಸಿ ‘ಇಲ್ಲಿ ಕನ್ನಡದವರು ಇಷ್ಟೇ’ ಅನ್ನುವುದು ಅನ್ಯಾಯ. ಮಂಜೇಶ್ವರದ ಕನ್ನಡ ಶಾಲೆಗೆ ಹೋಗುವ ಎಷ್ಟೋ ಮಕ್ಕಳ ಮನೆಮಾತು ತುಳು. ಅವರಿಗೂ ಕನ್ನಡ ಗೊತ್ತಿರುವ ಟೀಚರೇ ಬೇಕು ಅಲ್ವಾ? ಗೊತ್ತಿರುವ ಬೇರೆ ಭಾಷೆ ಯಾವುದು ಅಂತಲೂ ಗಣತಿಯಲ್ಲಿ ಕೇಳುತ್ತಾರೆ, ಎರಡರವರೆಗೆ ಹೇಳಬಹುದು. ಅಲ್ಲಿ ಕನ್ನಡ ಅಂತ ಬರೆಸಲು ಮರೆಯಬೇಡಿ.

1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅದೇ ವರ್ಷ ಸಂವಿಧಾನಕ್ಕೆ 350ಎ ಮತ್ತು 350ಬಿ ಸೇರಿದವು. ಒಂದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ. ಇನ್ನೊಂದು, ಈ ರಕ್ಷಣೆ ಸಿಗುತ್ತಿದೆಯೇ ಅಂತ ನೋಡುವ ವಿಶೇಷ ಅಧಿಕಾರಿಗೆ. ರಾಜ್ಯಗಳ ಗಡಿ ಹೊಸದಾಗಿ ಎಳೆಯುವಾಗ ಆಚೆ ಈಚೆ ಉಳಿದುಹೋಗುವ ನಮ್ಮಂಥವರಿಗಾಗಿಯೇ ಇವು ಬಂದದ್ದು.

ಮೊದಲಿಂದಲೂ ಇರುವ 350ನೇ ವಿಧಿ ಇನ್ನೂ ಸರಳ. ದೂರು ಕೊಡುವಾಗ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದು. ಹಾಗಾಗಿ ವಿಲ್ಲೇಜ್ ಆಫೀಸಿನ ಬಗ್ಗೆ ದೂರಿದ್ದರೆ ಕನ್ನಡದಲ್ಲೇ ಬರೆಯಿರಿ. ಮೇಲೆ ‘ಭಾಷಾ ಅಲ್ಪಸಂಖ್ಯಾತ’ ಅಂತ ಸೇರಿಸಿ. ಒಂದು ಪ್ರತಿ ಇಟ್ಟುಕೊಳ್ಳಿ, ರಶೀದಿ ಕೇಳಿ ತೆಗೆದುಕೊಳ್ಳಿ.