ಪಕ್ಕವಾದ್ಯದವರ ಹೆಸರು ಎಲ್ಲಿ ಹೋಯಿತು?

ಕೇಳುಗರಿಗೆ ನಮಸ್ಕಾರ.

ಬಾನುಲಿಯಲ್ಲಿ ಶಾಸ್ತ್ರೀಯ ಸಂಗೀತ ಕೇಳಿದವರಿಗೆ ಒಂದು ಕ್ರಮ ರೂಢಿಯಾಗಿರುತ್ತದೆ. ಕಚೇರಿ ಶುರುವಾಗುವ ಮುಂಚೆ ಉದ್ಘೋಷಕರು ಹೇಳುತ್ತಾರೆ: ಹಾಡುವವರು ಇಂಥವರು, ಪಿಟೀಲಿನಲ್ಲಿ ಇಂಥವರು, ಮೃದಂಗದಲ್ಲಿ ಇಂಥವರು. ಆಮೇಲೆ ಕೃತಿ ಯಾವುದು, ರಾಗ ಯಾವುದು, ತಾಳ ಯಾವುದು, ರಚನೆ ಯಾರದು. ಅರ್ಧ ನಿಮಿಷದ ಮಾತು ಅಷ್ಟೆ. ಈಗ ನಮ್ಮಲ್ಲಿ ಬಹಳ ಮಂದಿ ಫೋನಿನ ಆಪ್‌ಗಳಲ್ಲಿ ಸಂಗೀತ ಕೇಳುತ್ತೇವೆ. ಅಲ್ಲಿ ಒಂದು ಜನ್ಮಕ್ಕೆ ಕೇಳಿ ಮುಗಿಯದಷ್ಟು ಧ್ವನಿಮುದ್ರಿಕೆಗಳಿವೆ. ಆ ಅರ್ಧ ನಿಮಿಷದ ಮಾತು ಮಾತ್ರ ಇಲ್ಲ. ಬೇಕಾದ ಸಂಗೀತ ಬೇಕೆಂದಾಗ ಸಿಗದಿರುವುದಕ್ಕೆ ಅದೇ ಮೂಲ ಕಾರಣ ಎಂದು ನನಗೆ ಅನ್ನಿಸುತ್ತದೆ.

ಒಂದು ಕೃತಿಯನ್ನೇ ಹಿಡಿದು ನೋಡೋಣ. ಮೈಸೂರು ವಾಸುದೇವಾಚಾರ್ಯರ 'ಬ್ರೋಚೇವಾರೆವರುರಾ'. ಖಮಾಚ್ ರಾಗ, ಆದಿತಾಳ. ಹುಡುಕುವ ಜಾಗದಲ್ಲಿ ಈ ಮೊದಲ ಪದವನ್ನು ಬರೆಯುತ್ತೀರಿ. ಇದೇ ಪದವನ್ನು ಹೆಸರಾಗಿಟ್ಟುಕೊಂಡ ತೆಲುಗು ಚಲನಚಿತ್ರವೊಂದು 2019ರಲ್ಲಿ ಬಂತು. ಹೆಚ್ಚು ಜನ ಕೇಳಿದ್ದನ್ನು ಮೇಲಕ್ಕೆ ತರುವುದು ಈ ತಂತ್ರಾಂಶಗಳ ಸ್ವಭಾವವಾದ್ದರಿಂದ ಚಿತ್ರದ ಹಾಡುಗಳು ಮುಂದೆ ಬಂದು ನಿಲ್ಲುತ್ತವೆ. ಅವನ್ನು ದಾಟಿ ಕೆಳಗೆ ಹೋದರೆ ತ್ಯಾಗರಾಜರ 'ಬ್ರೋಚೇವಾರೆವರೇ' ಎದುರಾಗಬಹುದು. ಅದು ಶ್ರೀರಂಜನಿ ರಾಗ, ಬೇರೆಯೇ ಕೃತಿ. ರಾಗದ ಹೆಸರು ಪಕ್ಕದಲ್ಲಿದ್ದರೆ ಒಂದು ನೋಟದಲ್ಲಿ ಗೊತ್ತಾಗುತ್ತಿತ್ತು. ಇಲ್ಲದಿದ್ದರೆ ಒಂದೊಂದನ್ನೂ ಹಾಕಿ ಕೇಳಬೇಕು. ಬಲ್ಲವರು ಎರಡು ಸ್ವರಕ್ಕೆ ಗುರುತು ಹಿಡಿಯುತ್ತಾರೆ, ಸರಿ. ಈಗಷ್ಟೇ ಸಂಗೀತದ ರುಚಿ ಹತ್ತಿದ ಹುಡುಗ ಹುಡುಗಿಯರು ಏನು ಮಾಡಬೇಕು?

ಇನ್ನು ಕಾಗುಣಿತ. ನಮ್ಮ ಸಂಗೀತದ ಮುದ್ರಿಕೆಗಳಿಗೆ ಹೆಸರು ಬರೆಯುವುದು ಹೆಚ್ಚಾಗಿ ರೋಮನ್ ಲಿಪಿಯಲ್ಲಿ, ಮತ್ತು ಬರೆಯುವವರು ತಮ್ಮ ತಮ್ಮ ಊರಿನ ರೂಢಿಯಂತೆ ಬರೆಯುತ್ತಾರೆ. ತಮಿಳುನಾಡಿನಲ್ಲಿ ತ ಅಕ್ಷರಕ್ಕೆ ಟಿ ಜೊತೆಗೆ ಎಚ್ ಸೇರುತ್ತದೆ, ಬೇರೆ ಕೆಲವು ಕಡೆ ಬರಿಯ ಟಿ ಸಾಕು. ಖರಹರಪ್ರಿಯ ರಾಗದ ಮೊದಲ ಅಕ್ಷರಕ್ಕೆ ಕೆಲವರು ಎಚ್ ಹಾಕುತ್ತಾರೆ, ಕೆಲವರು ಬಿಡುತ್ತಾರೆ. ತ್ಯಾಗರಾಜರ ಹೆಸರೊಂದೇ ನಾಲ್ಕೈದು ರೂಪದಲ್ಲಿ ಓಡಾಡುತ್ತದೆ. ನಮ್ಮ ವೈಣಿಕ ದೊರೆಸ್ವಾಮಿ ಅಯ್ಯಂಗಾರರು ಒಂದು ಕಡೆ ದೊರೆಸ್ವಾಮಿ, ಇನ್ನೊಂದು ಕಡೆ ದೊರೈಸ್ವಾಮಿ. ತಂತ್ರಾಂಶ ಇವರನ್ನು ಇಬ್ಬರು ಕಲಾವಿದರೆಂದು ಎಣಿಸಿದರೆ ಒಬ್ಬರ ವೀಣೆ ಎರಡು ಪುಟಗಳಲ್ಲಿ ಹಂಚಿಹೋಗುತ್ತದೆ. ಒಂದು ಪುಟ ನೋಡಿದವರು, ಇವರದು ಇಷ್ಟೇ ಇರುವುದು ಅಂದುಕೊಂಡು ಸುಮ್ಮನಾಗುತ್ತಾರೆ.

ಕರ್ನಾಟಕದವರಾದ ನಮಗೆ ಇನ್ನೊಂದು ತೊಡಕೂ ಇದೆ. ಮೈಸೂರಿನ ಕಡೆಯ ಕರ್ನಾಟಕ ಸಂಗೀತವೂ ನಮ್ಮದೇ, ಧಾರವಾಡದ ಕಡೆಯ ಹಿಂದುಸ್ತಾನಿಯೂ ನಮ್ಮದೇ. ತೋಡಿ ರಾಗ ಎಂದು ಹುಡುಕಿದರೆ ಎರಡೂ ಪದ್ಧತಿಯವು ಕಲೆತು ಬರುತ್ತವೆ. ಆದರೆ ಕರ್ನಾಟಕ ಸಂಗೀತದ ತೋಡಿಯ ಸ್ವರಗಳು ಹಿಂದುಸ್ತಾನಿಯಲ್ಲಿ ಭೈರವಿಯ ಸ್ವರಗಳು. ಹಿಂದುಸ್ತಾನಿ ತೋಡಿ ಇಲ್ಲಿನ ಶುಭಪಂತುವರಾಳಿಗೆ ಹತ್ತಿರ. ಇಲ್ಲಿನ ಹಿಂದೋಳ ಬೇಕಾದರೆ ಅಲ್ಲಿ ಮಾಲ್ಕಂಸ್ ಎಂದು ಕೇಳಬೇಕು. ಪದ್ಧತಿ ಯಾವುದು ಎಂದು ಆರಿಸಲು ಒಂದು ಗುಂಡಿಯಾದರೂ ಇದ್ದರೆ ಎಷ್ಟು ಅನುಕೂಲ!

ಯಾಕೆ ಹೀಗಾಯಿತು? ಈ ವ್ಯವಸ್ಥೆಯ ಹಳೆಯ ಅಚ್ಚನ್ನು ಸ್ವಲ್ಪ ನೋಡಬೇಕು. ಎಂಪಿ3 ಕಡತಗಳಿಗೆ ಹೆಸರುಚೀಟಿ ಅಂಟಿಸಲು 1996ರಲ್ಲಿ ಐಡಿ3 ಎಂಬ ಪದ್ಧತಿ ಬಂತು. ಅದರ ಮೊದಲ ರೂಪದಲ್ಲಿ ಒಟ್ಟು 128 ಬೈಟ್ ಜಾಗ. ಹಾಡಿನ ಹೆಸರಿಗೆ 30 ಅಕ್ಷರ, ಕಲಾವಿದರಿಗೆ 30, ಆಲ್ಬಮ್‌ಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಕೊನೆಗೆ ಪ್ರಕಾರ ತಿಳಿಸಲು ಒಂದು ಸಂಖ್ಯೆ. 32 ಎಂದರೆ ಕ್ಲಾಸಿಕಲ್. ಬೀಥೋವನ್‌ಗೂ ಅದೇ, ಮುತ್ತುಸ್ವಾಮಿ ದೀಕ್ಷಿತರಿಗೂ ಅದೇ. ರಚನಕಾರರಿಗೆ ಪ್ರತ್ಯೇಕ ಜಾಗ ಬಂದದ್ದು ನಂತರದ ರೂಪದಲ್ಲಿ. ಗಾಯಕರ ಹೆಸರು ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ ಎಂದು ರೋಮನ್ ಲಿಪಿಯಲ್ಲಿ ಬರೆಯುವಷ್ಟರಲ್ಲಿ ಕಲಾವಿದರ ಜಾಗ ಬಹುತೇಕ ಮುಗಿದಿರುತ್ತದೆ. ಪಿಟೀಲು ಚೌಡಯ್ಯ ಎಂದು ಸೇರಿಸಲು ಸ್ಥಳವೇ ಇಲ್ಲ. ಆಮೇಲೆ ಜಾಗ ಹಿಗ್ಗಿತು, ಯೋಚನೆ ಹಿಗ್ಗಲಿಲ್ಲ. ಹಾಡು, ಹಾಡಿದವರು, ಆಲ್ಬಮ್ ಎಂಬ ಮೂರರ ಲೆಕ್ಕ ಇಂದಿನ ಆಪ್‌ಗಳಲ್ಲೂ ಮುಂದುವರಿದಿದೆ.

ಚೌಡಯ್ಯನವರ ಹೆಸರು ಸುಮ್ಮನೆ ಬರಲಿಲ್ಲ. ಮೈಕು ಇಲ್ಲದ ಸಭೆಯಲ್ಲಿ ಕೊನೆಯ ಸಾಲಿಗೂ ನಾದ ಮುಟ್ಟಲಿ ಎಂದು ಪಿಟೀಲಿಗೆ ಏಳು ತಂತಿ ಕಟ್ಟಿದವರು ಅವರು. ಚೆಂಬೈ ವೈದ್ಯನಾಥ ಭಾಗವತರಂಥ ದೊಡ್ಡ ಗಾಯಕರ ಜೊತೆ ಕೂತು ನುಡಿಸಿದವರು. ಅವರ ಕಮಾನನ್ನು ಕೇಳಬೇಕೆಂದರೆ ಗಾಯಕರ ಕಚೇರಿಗಳ ಒಳಗೇ ಹುಡುಕಬೇಕು, ಯಾಕೆಂದರೆ ಅವರ ಕಲೆಯ ಬಹುಪಾಲು ಅರಳಿದ್ದು ಅಲ್ಲೇ. ಆದರೆ ಚೌಡಯ್ಯ ಎಂದು ಬರೆದರೆ ಅವರ ತನಿಪಿಟೀಲಿನ ಕೆಲವು ಮುದ್ರಿಕೆ ಬಂದು ನಿಂತುಬಿಡುತ್ತದೆ. ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗಕ್ಕೂ ಇದೇ ಗತಿ. ಕರ್ನಾಟಕ ಸಂಗೀತದ ಕಚೇರಿ ಮೂರು ನಾಲ್ಕು ಜನ ಸೇರಿ ಕಟ್ಟುವಂಥದ್ದು. ಅದರಲ್ಲಿ ಒಬ್ಬರ ಹೆಸರು ಉಳಿಸಿ ಉಳಿದವರನ್ನು ಅಳಿಸುವುದು ಆ ಕಲಾವಿದರಿಗೆ ಮಾಡುವ ಅನ್ಯಾಯ. ಈ ಮಾತನ್ನು ನಾನು ಪೂರ್ತಿ ತೂಕ ಕೊಟ್ಟೇ ಹೇಳುತ್ತಿದ್ದೇನೆ.

ರಚನಕಾರರ ಜಾಗದ ಕಥೆಯೂ ಅಷ್ಟೇ ನೋವಿನದು. ಎಷ್ಟೋ ಮುದ್ರಿಕೆಗಳಲ್ಲಿ ಅಲ್ಲಿ 'ಟ್ರೆಡಿಷನಲ್' ಎಂದು ಬರೆದಿರುತ್ತಾರೆ. ಹಕ್ಕುಸ್ವಾಮ್ಯದ ಅವಧಿ ಮುಗಿದ ಕೃತಿಗೆ ಗೌರವಧನ ಕೇಳುವವರಿಲ್ಲವಲ್ಲ, ಆ ಜಾಗವನ್ನು ಸರಿಯಾಗಿ ತುಂಬುವ ಅವಸರ ಯಾರಿಗೂ ಇಲ್ಲ. ಪುರಂದರದಾಸರ ಪದದಲ್ಲಂತೂ ಕರ್ತೃವಿನ ಗುರುತು ಹಾಡಿನೊಳಗೇ ಇದೆ. ಪುರಂದರವಿಠಲ ಎಂಬ ಅಂಕಿತ ಕೊನೆಯ ನುಡಿಯಲ್ಲಿ ಕೇಳಿಸುತ್ತದೆ, ಆದರೂ ಹೊರಗಿನ ಚೀಟಿಯಲ್ಲಿ ಹೆಸರಿಲ್ಲ. ದಾಸರ ಪದಗಳ ಮೂಲ ಮಟ್ಟುಗಳು ಬಹುಪಾಲು ಉಳಿದುಬಂದಿಲ್ಲವಾದ್ದರಿಂದ ಒಂದೇ ಪದವನ್ನು ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಹಾಡುತ್ತಾರೆ. ಅಂದರೆ ದೇವರನಾಮಕ್ಕೆ ರಾಗವನ್ನು ಪ್ರತಿ ಮುದ್ರಿಕೆಗೂ ಬೇರೆಯಾಗಿಯೇ ಬರೆಯಬೇಕು. ಸಾಹಿತ್ಯ ಒಂದು, ಗಾಯನ ಇನ್ನೊಂದು, ಇವೆರಡಕ್ಕೂ ಬೇರೆ ಬೇರೆ ವಿವರ ಬೇಕು ಎಂಬುದನ್ನು ತಂತ್ರಾಂಶ ಒಪ್ಪಿಕೊಳ್ಳುವವರೆಗೆ ಇದು ಬಗೆಹರಿಯುವುದಿಲ್ಲ.

ಮುದ್ರಣದ ಕಾಲವೂ ಹೀಗೆಯೇ ಮರೆಯಾಗುತ್ತದೆ. ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳುವುದು ಸಣ್ಣ, ಚೂಪು ದನಿ. ಗಂಟಲಿನ ಚಿಕಿತ್ಸೆಯ ನಂತರ ಬಂದದ್ದು ನಾವೆಲ್ಲ ಬಲ್ಲ ಆ ಗಂಭೀರ ಕಂಠ. ಎರಡನ್ನೂ ಒಟ್ಟಿಗೆ ಕೇಳಿದವರಿಗೆ ಅವು ಒಬ್ಬರದೇ ಎಂದು ನಂಬುವುದು ಕಷ್ಟ. ಆಪ್‌ನಲ್ಲಿ ಕಾಣುವುದು ಮರುಬಿಡುಗಡೆಯ ವರ್ಷ. ಹಾಡಿದ ವರ್ಷ ಕಾಣದಿದ್ದರೆ ಒಂದು ದೀರ್ಘ ಕಲಾಜೀವನದ ಹಾದಿಯನ್ನು ಹಿಂಬಾಲಿಸುವುದು ಹೇಗೆ?

ಇಲ್ಲಿ ಹಿಂದುಸ್ತಾನಿ ಗಾಯಕಿ ಗೌಹರ್ ಜಾನ್ ನೆನಪಾಗುತ್ತಾರೆ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದ ಅವರು ಹಾಡಿನ ಕೊನೆಗೆ ಗಟ್ಟಿಯಾಗಿ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ತಟ್ಟೆ ಒತ್ತುವುದು ದೂರದ ಜರ್ಮನಿಯಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ಚೀಟಿ ಯಾವ ತಟ್ಟೆಗೆ ಎಂದು ತಿಳಿಯಬೇಕಿತ್ತು. ಗೌಹರ್ ಜಾನ್ ಅವರ ಕೊನೆಯ ದಿನಗಳು ಮೈಸೂರಿನಲ್ಲಿ ಆಸ್ಥಾನದ ಆಶ್ರಯದಲ್ಲಿ ಕಳೆದವು, 1930ರಲ್ಲಿ ಇಲ್ಲೇ ತೀರಿಕೊಂಡರು. ಮೂರು ನಿಮಿಷದ ತಟ್ಟೆಯಲ್ಲೂ ಹೆಸರಿಗೆ ಸಮಯ ಮಾಡಿಕೊಂಡಿದ್ದರು ಆ ಕಾಲದವರು.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದವರಿಗೂ ಇದೇ ತಾಪತ್ರಯವಿತ್ತು. ಅವರಿಗಾಗಿ ಪ್ರತ್ಯೇಕ ಆಪ್‌ಗಳು ಬಂದವು. ಆಪಲ್ ಸಂಸ್ಥೆ 2021ರಲ್ಲಿ ಪ್ರೈಮ್‌ಫೋನಿಕ್ ಎಂಬ ಸೇವೆಯನ್ನು ಕೊಂಡು 2023ರಲ್ಲಿ ಶಾಸ್ತ್ರೀಯ ಸಂಗೀತಕ್ಕೆಂದೇ ಬೇರೆ ಆಪ್ ತಂದಿತು. ರಚನಕಾರ, ಕೃತಿ, ವಾದ್ಯವೃಂದದ ನಿರ್ದೇಶಕ ಎಂದೆಲ್ಲ ಹುಡುಕಬಹುದು. ಅದನ್ನು ಕಟ್ಟಿದ್ದು ಆ ಸಂಗೀತವನ್ನು ಮನಸ್ಸಿನಲ್ಲಿಟ್ಟುಕೊಂಡು. ರಾಗ ತಾಳಗಳ ಸಂಗೀತಕ್ಕೂ ಅಂಥ ಕಾಳಜಿ ಸಲ್ಲಬೇಕು.

ಮಾಡಲು ಆಗದ ಕೆಲಸವೇನಲ್ಲ. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದಲ್ಲಿ 2011ರಿಂದ ಕಾಂಪ್‌ಮ್ಯೂಸಿಕ್ ಎಂಬ ಸಂಶೋಧನೆ ನಡೆಯಿತು. ಕರ್ನಾಟಕ ಮತ್ತು ಹಿಂದುಸ್ತಾನಿ ಸಂಗೀತವನ್ನು ಅವುಗಳದೇ ನಿಯಮದಲ್ಲಿ ಕಂಪ್ಯೂಟರ್‌ಗೆ ಅರ್ಥ ಮಾಡಿಸುವ ಪ್ರಯತ್ನ ಅದು. ಸಾರ್ವಜನಿಕರೇ ತುಂಬುವ ಮ್ಯೂಸಿಕ್‌ಬ್ರೈನ್ಸ್ ಎಂಬ ಮಾಹಿತಿಕೋಶದಲ್ಲಿ ಕೃತಿಗೆ ರಾಗ, ತಾಳ ಬರೆಯಲು ಪ್ರತ್ಯೇಕ ಜಾಗಗಳಿವೆ, ಎರಡೂ ಪದ್ಧತಿಗಳಿಗೆ ಬೇರೆ ಬೇರೆಯಾಗಿ. ಯಾರು ಬೇಕಾದರೂ ಖಾತೆ ತೆರೆದು ಸೇರಿಸಬಹುದು.

ಸದ್ಯಕ್ಕೆ ಹುಡುಕುವವರಿಗೆ ಎರಡು ಮಾತು. ಪಲ್ಲವಿಯ ಮೊದಲ ಪದದ ಜೊತೆಗೆ ರಾಗದ ಹೆಸರನ್ನೂ ಬರೆಯಿರಿ. ಸಿಗದಿದ್ದರೆ ಎಚ್ ಅಕ್ಷರಗಳನ್ನು ತೆಗೆದೋ ಸೇರಿಸಿಯೋ ಮತ್ತೆ ನೋಡಿ. ಪಕ್ಕವಾದ್ಯ ಯಾರದೆಂದು ತಿಳಿಯಬೇಕಾದರೆ ಯೂಟ್ಯೂಬ್‌ಗೆ ಹೋಗಿ. ಹಳೆಯ ಕಚೇರಿಗಳನ್ನು ಅಲ್ಲಿ ಹಾಕಿರುವ ಅನೇಕ ರಸಿಕರು ಕೃತಿ, ರಾಗ, ತಾಳ, ಕಲಾವಿದರ ಪಟ್ಟಿಯನ್ನು ಶ್ರದ್ಧೆಯಿಂದ ಬರೆದಿದ್ದಾರೆ. ಅವರಿಗೆ ನಾವು ಋಣಿಗಳು.

ನಿಮ್ಮ ಮನೆಯಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದರೆ ಅದರೊಳಗಿನ ಮಡಿಸಿದ ಕಾಗದವನ್ನು ಬಿಸಾಡಬೇಡಿ. ಪಿಟೀಲು, ಮೃದಂಗ, ಘಟ, ತಂಬೂರಿಯವರ ಹೆಸರು ಎಷ್ಟೋ ಸಲ ಉಳಿದಿರುವುದು ಅಲ್ಲಿ ಮಾತ್ರ. ಅದರ ಎರಡೂ ಬದಿಯ ಚಿತ್ರ ತೆಗೆದಿಡಿ. ಹಿರಿಯರು ಯಾರಾದರೂ ಪೆನ್ಸಿಲಿನಲ್ಲಿ ಊರು, ತಾರೀಕು ಬರೆದಿದ್ದರೆ ಅದೂ ಕಾಣುವ ಹಾಗೆ ತೆಗೆಯಿರಿ.

ನಮಸ್ಕಾರ.