ದಾದರ್: ಒಂದೇ ನಿಲ್ದಾಣ, ಎರಡು ರೈಲ್ವೆ

ಕೇಳುಗರಿಗೆ ನಮಸ್ಕಾರ. ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಚಾಲುಕ್ಯ ಅಥವಾ ಶರಾವತಿ ಎಕ್ಸ್‌ಪ್ರೆಸ್ ಹತ್ತಿದವರು ಮುಂಬೈನಲ್ಲಿ ಕೊನೆಗೆ ಇಳಿಯುವುದು ದಾದರಿನಲ್ಲಿ. ಇಳಿದ ಮೇಲೆ ಅಂಧೇರಿ ಲೋಕಲ್ ಹಿಡಿಯಬೇಕು ಅನ್ನಿ. ಯಾರೋ 'ಒಂದನೇ ಪ್ಲಾಟ್‌ಫಾರ್ಮಿಗೆ ಹೋಗಿ' ಅಂದರೆ ಮೊನ್ನೆಮೊನ್ನೆಯವರೆಗೂ ಗೊಂದಲವೇ. ಯಾಕಂದ್ರೆ ಅಲ್ಲಿ ಒಂದನೇ ಪ್ಲಾಟ್‌ಫಾರ್ಮ್ ಎರಡಿದ್ದವು!

ಇದರ ಬೇರು ತುಂಬಾ ಹಳೆಯದು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತಲ್ಲ, ಆ ಹಳಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯದು. ಪಶ್ಚಿಮದ ಹಳಿ ಬಾಂಬೆ ಬರೋಡಾ ಕಂಪನಿಯದು. ವಿರಾರ್‌ನಿಂದ ಅದರ ಲೋಕಲ್ ಶುರುವಾದದ್ದು 1867ರಲ್ಲಿ. ದಾದರಿನಲ್ಲಿ ಎರಡೂ ಹಳಿಗಳು ಅಕ್ಕಪಕ್ಕ ಬಂದವು. ಆದರೆ ನಿಲ್ದಾಣ ಅವರದ್ದು ಅವರಿಗೆ, ಇವರದ್ದು ಇವರಿಗೆ. ಸ್ವಾತಂತ್ರ್ಯ ಬಂದ ಮೇಲೆ, 1951ರ ನವೆಂಬರ್ 5ರಂದು ಈ ಕಂಪನಿಗಳ ಜಾಗದಲ್ಲಿ ಸೆಂಟ್ರಲ್ ಮತ್ತು ವೆಸ್ಟರ್ನ್ ರೈಲ್ವೆಗಳು ಒಂದೇ ದಿನ ಹುಟ್ಟಿದವು. ಆಗಲೂ ಪ್ಲಾಟ್‌ಫಾರ್ಮ್ ನಂಬರು ಎರಡೂ ಕಡೆ ಒಂದರಿಂದಲೇ ಶುರುವಾಗಿ, ಬೇರೆ ಬೇರೆಯಾಗಿಯೇ ಉಳಿಯಿತು. 2023ರ ಡಿಸೆಂಬರಿನಲ್ಲಿ ಅಂತೂ ಸರಿಹೋಯಿತು: ವೆಸ್ಟರ್ನ್‌ಗೆ 1ರಿಂದ 7, ಸೆಂಟ್ರಲ್‌ಗೆ 8ರಿಂದ 14. ಇಷ್ಟು ಸಣ್ಣ ಕೆಲಸಕ್ಕೆ ಎಷ್ಟು ತಲೆಮಾರು ಕಾಯಬೇಕಾಯಿತು ನೋಡಿ.

ಊರು ಬೆಳೆದದ್ದು ಪ್ಲೇಗಿನ ದೆಸೆಯಿಂದ. 1896ರಲ್ಲಿ ಮುಂಬೈಗೆ ಪ್ಲೇಗ್ ಬಡಿದಾಗ, ಇಕ್ಕಟ್ಟಿನ ಗಲ್ಲಿಗಳಿಂದ ಜನರನ್ನು ಹೊರಗೆ ತರಲು ದಾದರ್, ಮಾಟುಂಗಾದಲ್ಲಿ ಬಡಾವಣೆ ಹಾಕಿದರು. ಮುಂದೆ ದಕ್ಷಿಣ ಭಾರತದವರು ಜಾಸ್ತಿ ನೆಲೆಸಿದ್ದು ಮಾಟುಂಗಾದಲ್ಲೇ. ಕನ್ನಡಿಗರ ಸಂಘವಾದ ಮೈಸೂರು ಅಸೋಸಿಯೇಷನ್ ಇರುವುದೂ ಅಲ್ಲೇ.

ಬೆಳಗ್ಗೆ ದಾದರಿನ ಎರಡೂ ರೈಲ್ವೆಗಳನ್ನು ಸೇರಿಸುವ ಕಾಲ್ಸೇತುವೆ ಮೇಲೆ ಒಮ್ಮೆ ನಿಲ್ಲಬೇಕು. ಪಶ್ಚಿಮಕ್ಕೆ ಇಳಿದರೆ ಹೂವಿನ ಸಂತೆ. ಚೆಂಡುಹೂ, ಸೇವಂತಿಗೆ ತುಂಬಿದ ಬುಟ್ಟಿ ತಲೆ ಮೇಲೆ ಹೊತ್ತವರು ಮೆಟ್ಟಿಲು ಹತ್ತುತ್ತಿರುತ್ತಾರೆ. ಎದುರಿನಿಂದ ಆಫೀಸಿನವರು ಇಂಡಿಕೇಟರ್ ನೋಡುತ್ತಲೇ ಓಡಿ ಬರುತ್ತಾರೆ. ಕೆಲವೇ ಕಡೆ ನಿಲ್ಲುವ ಫಾಸ್ಟಾ, ಎಲ್ಲ ಕಡೆ ನಿಲ್ಲುವ ಸ್ಲೋನಾ, ಎಷ್ಟು ನಿಮಿಷ ಇದೆ, ಅಷ್ಟೇ ಅವರಿಗೆ ಬೇಕಾದ್ದು.

ಈ ಸೇತುವೆಗಳ ಅಗಲ ಜೀವದ ಪ್ರಶ್ನೆ. ಪಕ್ಕದ ಪರೇಲ್‌ನಲ್ಲೂ ಎರಡು ರೈಲ್ವೆಗಳನ್ನು ಸೇರಿಸುವ ಸೇತುವೆಯೇ ಇತ್ತು. 2017ರ ಸೆಪ್ಟೆಂಬರ್ 29ರಂದು ಅಲ್ಲಿ ನೂಕುನುಗ್ಗಲಾಗಿ 23 ಮಂದಿ ಸತ್ತರು. ಹೊಸ ರೈಲು ಬಿಡುವ ಮೊದಲು ಮೆಟ್ಟಿಲು ಅಗಲ ಮಾಡಿ ಅಂತ ಜನ ಕೇಳುವುದು ನ್ಯಾಯವೇ, ಅಲ್ವಾ?

2025ರಲ್ಲಿ ದಾದರ್ ಪಶ್ಚಿಮಕ್ಕೆ ನೆಲದಡಿಯ ಮೆಟ್ರೋ ಬಂತು. ಈಗ ವಿಮಾನ ನಿಲ್ದಾಣಕ್ಕೂ ಕಫ್ ಪರೇಡಿಗೂ ನೇರ ಹೋಗಬಹುದು. ನವಿ ಮುಂಬೈನ ವಾಶಿ ಕಡೆಗೆ ಹೋಗುವ ಹಾರ್ಬರ್ ಲೈನಿನ ಲೋಕಲ್ ಮಾತ್ರ ದಾದರಿಗೆ ಬರುವುದಿಲ್ಲ. ಅದಕ್ಕೆ ಸೆಂಟ್ರಲ್ ಲೋಕಲ್ ಹಿಡಿದು ಕುರ್ಲಾದಲ್ಲಿ ಬದಲಾಯಿಸಿ. ನಮಸ್ಕಾರ.